ತುರಿಕಿ ಇಂಜೆಕ್ಷನ್ನಿಗೆ ಸುರಿದ ರೊಕ್ಕಾ

'ಒಂದು ನಾಯಿಗೆ ಇಷ್ಟು ರೊಕ್ಕಾ ಸುರೀತೀರಲ್ರೀ' ಅಂತಾರ ಓಣಿಯವರು. ಸುರದದ್ದು ಖರೇ. ಆದ್ರ ಔಷಧಕ್ಕಲ್ಲ, ನಮ್ಮ ಅರೆಬರೆ ಕೆಲಸಕ್ಕ.

ನಮ್ಮ ಪಾಮೇರಿಯನ್ ಚಿನ್ನಿ ಬಾಲದ ಬುಡಾ ಕಚ್ಚಿ ಕಚ್ಚಿ ಕೂದಲಾ ಉದುರಿಸಿಕೊಂಡಿತ್ತು. 2 ವರ್ಷ ತಿಂಗಳಿಗೊಂದು ಇಂಜೆಕ್ಷನ್, ಸಲಕ್ಕ 600 ರೂಪಾಯಿ. ಹದಿನೈದು ದಿನ ತಣ್ಣಗಿರತಿತ್ತು, ಮತ್ತ ಕೆರಕೊಳ್ಳೋದು ಶುರು. ಅದು ಸ್ಟಿರಾಯ್ಡ್ ಅಂತ ಡಾಕ್ಟರ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಡೀಕ ಇನ್ನೊಬ್ಬ ಡಾಕ್ಟರಮ್ಮ ಸಣ್ಣ ಹಣಗಿಲೆ ಬಾಚಿ, ಉದುರಿದ ಕರೀ ಪುಡಿ ಹಸಿ ಹತ್ತಿ ಮ್ಯಾಲೆ ಇಟ್ಟರು. ಕೆಂಪಗಾತು! ನಾ ಮಣ್ಣು ಅಂದುಕೊಂಡಿದ್ದೆ. ಅದು ಚಿಗಟದ ಹೊಲಸು, ಚಿನ್ನೀದ ರಕ್ತ. ಚಿಗಟದ ಜೊಲ್ಲಿಗೆ ಅಲರ್ಜಿ ಇದ್ದ ನಾಯಿಗೆ ಒಂದೆರಡು ಕಡದ್ರೂ ಸಾಕಂತ.

'ಕೋಳಿ ಬಿಡಸ್ರಿ, ಸೀಮಿಎಣ್ಣಿ ಒರಸ್ರಿ' ಅನ್ನೋರೂ ಅದಾರ. ಒರಸಿದ್ದನ್ನ ಆ ಮೂಕ ಜೀವ ನೆಕ್ಕೂದಿಲ್ಲೇನು? ದೊಡ್ಡ ನಾಯಿ ಔಷಧ ತಂದು ಅಂದಾಜಿಲೆ ಅರ್ಧಾ ಹಾಕೋ ಜಾಣರೂ ಅದಾರ. ತೂಕ ನೋಡಿ ಕೊಡೋದು ಅದು, ಸಾರಿಗೆ ಉಪ್ಪು ಹಾಕಿದಂಗಲ್ಲ. ಪರ್ಮೆಥ್ರಿನ್ ಇದ್ದ ನಾಯಿ ಔಷಧ ಅಂತೂ ಮನ್ಯಾಗಿನ ಬೆಕ್ಕಿಗೆ ವಿಷ.

ಚಿಗಟದ ತತ್ತಿ ಮೈಮ್ಯಾಲೆ ನಿಲ್ಲೂದಿಲ್ಲ, ಉದುರತಾವ. ಮರಿ ಬೆಳೆಯೋದು ಕೌದಿಯೊಳಗ, ಸೋಫಾ ಸಂದಿನ್ಯಾಗ. ಗೂಡು ಕಟ್ಟಿಕೊಂಡು ತಿಂಗಳಗಟ್ಟಲೆ ಕಾಯತಾವ. ಕೌದಿ ಬಿಸಿನೀರಾಗ ಒಗೀದ, ಮೂಲಿ ಝಾಡಸದ, ಕುತ್ತಿಗಿಗೆ ಒಂದ ಸಲ ಹನಿ ಹಾಕಿ 'ಔಷಧ ಹತ್ತಲಿಲ್ಲ' ಅಂದ್ರ ಯಾರ ತಪ್ಪು?

ಈಗ ತಿಂಗಳಾ ತಪ್ಪದ ಹನಿ, ವಾರಾ ಕೌದಿ. ಬಾಲದಾಗ ಕೂದಲಾ ಬಂದಾವ. ಮನಿಯವರು ಹನಿ ಔಷಧದ ಲೆಕ್ಕಾ ಬರೀತಾರ. ಬಾಜೂಕ 24 ಇಂಜೆಕ್ಷನ್ನಿನ 14,400 ರೂಪಾಯಿನೂ ಬರೀರಿ ಅಂತ ಹೇಳೇನಿ.