ಮನೆಯಲ್ಲಿ ಬ್ಯಾಂಡಿನ ಅಭ್ಯಾಸ: ಗಡಿಯಾರವೊಂದನ್ನೇ ನಂಬಬಹುದೇ?

ಶಾಲೆಯ ಬ್ಯಾಂಡಿಗೆ ಸೇರಿದ ಮಗುವಿಗೆ ಮನೆಯ ಹಿರಿಯರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ದಿನಕ್ಕೆ ಒಂದು ಗಂಟೆ ತಪ್ಪದೆ ನುಡಿಸು.” ಆ ಗಂಟೆಯಲ್ಲಿ ನಡೆಯುವುದೇನೆಂದು ವಿಚಾರಿಸುವವರು ವಿರಳ. ನಮ್ಮ ನೆರೆಮನೆಯ ಬಾಲಕನೊಬ್ಬನು ಸ್ವಾತಂತ್ರ್ಯ ದಿನೋತ್ಸವದ ಮೆರವಣಿಗೆಗಾಗಿ, ತಂದೆ ಕೊಡಿಸಿದ ಟ್ರಂಪೆಟ್ಟಿನಲ್ಲಿ ಒಂದು ಧಾಟಿಯನ್ನು ಕಲಿಯುತ್ತಿದ್ದುದನ್ನು ನಾನು ಹಲವು ಸಂಜೆ ಕೇಳಿದ್ದೇನೆ. ಪ್ರತಿಸಲವೂ ಮೊದಲಿನಿಂದ ಆರಂಭ. ಪ್ರತಿಸಲವೂ ನಡುವಿನ ಒಂದು ಮೇಲುಸ್ವರದ ಬಳಿ ಅದೇ ಎಡವು. ಎಡವಿದೊಡನೆಯೇ ಪುನಃ ಮೊದಲಿಗೆ. ತಿಂಗಳು ಕಳೆಯುವ ಹೊತ್ತಿಗೆ ಅವನಿಗೆ ಧಾಟಿಯ ಪೂರ್ವಾರ್ಧವು ಕರಗತವಾಗಿತ್ತು. ಎಡವುವುದೂ ಅಷ್ಟೇ ಚೆನ್ನಾಗಿ ಕರಗತವಾಗಿತ್ತು!

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ರಾಬರ್ಟ್ ಡ್ಯೂಕ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಗಮನಾರ್ಹವಾದುದು. 17 ಮಂದಿ ಪಿಯಾನೊ ವಿದ್ಯಾರ್ಥಿಗಳಿಗೆ ಶೊಸ್ತಕೊವಿಚ್‌ನ ಕೃತಿಯೊಂದರ ಕಿರುಭಾಗವನ್ನು ಕೊಟ್ಟು, ತೃಪ್ತಿಯಾಗುವವರೆಗೆ ಅಭ್ಯಾಸ ಮಾಡಲು ಬಿಟ್ಟು, ಮರುದಿನ ಅದನ್ನು ನುಡಿಸಿ ತೋರಿಸಲು ಹೇಳಿದರು. ಮರುದಿನದ ವಾದನದ ಗುಣಕ್ಕೂ ಹಿಂದಿನ ದಿನ ವ್ಯಯಿಸಿದ ಸಮಯಕ್ಕೂ, ನುಡಿಸಿದ ಸಲಗಳ ಸಂಖ್ಯೆಗೂ ಸಂಬಂಧ ಕಾಣಲಿಲ್ಲ. ಶ್ರೇಷ್ಠರೆನಿಸಿದವರು ತಪ್ಪು ಎಲ್ಲಿ, ಏಕೆ ಆಯಿತೆಂದು ಗುರುತಿಸಿ, ಆ ತುಣುಕನ್ನು ಮಾತ್ರ ಬೇರ್ಪಡಿಸಿ, ವೇಗ ತಗ್ಗಿಸಿ, ಅದು ಸರಿಹೋಗುವ ತನಕ ಮುಂದೆ ಸಾಗಿರಲಿಲ್ಲ. ಅವರು ಪಳಗಿದ ವಾದಕರು, ಹನ್ನೆರಡು ವರ್ಷದ ಬಾಲಕರಲ್ಲ ಎಂಬ ಆಕ್ಷೇಪಣೆ ನ್ಯಾಯವೇ ಸರಿ. ಆದರೆ ತನ್ನ ತಪ್ಪನ್ನು ತಾನೇ ಹುಡುಕಲಾರದ ಬಾಲಕನಿಗೆ ಈ ಕ್ರಮವನ್ನು ಯಾರಾದರೂ ಕಲಿಸಿಕೊಡುವ ಅಗತ್ಯ ಇನ್ನೂ ಹೆಚ್ಚಲ್ಲವೆ? ವೇಗ ತಗ್ಗಿಸುವ ಮಾತಂತೂ ನಮಗೆ ಹೊಸದೇನಲ್ಲ. ಸರಳೆ ವರಸೆಯನ್ನು ಮೂರು ಕಾಲಗಳಲ್ಲಿ ಹಾಡಿಸುವ ನಮ್ಮ ಸಂಗೀತದ ಮೇಷ್ಟರುಗಳು ಅದನ್ನು ಎಂದಿನಿಂದಲೂ ಬಲ್ಲರು.

ಇನ್ನು ಒಂದು ಗಂಟೆಯ ವಿಷಯ. ಟ್ರಂಪೆಟ್ ಊದುವಾಗ ನಾದಕ್ಕೆ ಮೂಲವಾದ ಕಂಪನ ಹುಟ್ಟುವುದು ತುಟಿಗಳಲ್ಲಿ. ತುಟಿಯ ಸುತ್ತಲಿನ ಸ್ನಾಯುಗಳು ಎಳೆಯರಲ್ಲಿ ಬಹುಬೇಗ ದಣಿಯುತ್ತವೆ. ದಣಿದ ತುಟಿಯನ್ನು ಲೋಹಕ್ಕೆ ಒತ್ತಿ ಹಿಡಿದು ಸ್ವರ ಹೊರಡಿಸುವ ದುರಭ್ಯಾಸವು ಆರಂಭವಾಗುವುದು ಅಲ್ಲಿಯೇ. ಬೆಳಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ನುಡಿಸಿದರೆ ತುಟಿಗೆ ವಿಶ್ರಾಂತಿಯೂ ದೊರೆಯುತ್ತದೆ, ಕಲಿಕೆಯೂ ನಿಲ್ಲುತ್ತದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಬೆರಳಚ್ಚಿನ ಕೆಲಸವನ್ನು ಕಲಿಸಿದ ಪ್ರಯೋಗವೊಂದು 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರು, ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟಿನಲ್ಲಿ ಕಡಿಮೆ ಗಂಟೆಗಳಲ್ಲಿ ಅದೇ ಮಟ್ಟವನ್ನು ಮುಟ್ಟಿದರು. ವಿನೋದವೆಂದರೆ, ತಾವು ಹಿಂದೆ ಬಿದ್ದಿದ್ದೇವೆಂದು ಗೊಣಗಿದವರೂ ಅವರೇ!

ಆದರೆ ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಪ್ರಶ್ನೆ ಉಳಿಯುತ್ತದೆ. ನಾನು ಕಂಡ ಶಾಲೆಯೊಂದರಲ್ಲಿ ಬ್ಯಾಂಡಿನ ವಾದ್ಯಗಳೆಲ್ಲ ಬೀರುವಿನಲ್ಲಿ ಭದ್ರವಾಗಿದ್ದವು. ಬೀಗದ ಕೈ ಕಚೇರಿಯಲ್ಲಿತ್ತು. ಮಕ್ಕಳು ವಾರಕ್ಕೆರಡು ಸಲ ವಾದ್ಯವನ್ನು ಮುಟ್ಟಿ, ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು. “ಅಭ್ಯಾಸ ಸಾಲದು” ಎಂಬ ಬೈಗುಳವೂ ಅವರಿಗೇ. ವಾದ್ಯ ಕೆಟ್ಟರೆ ಲೆಕ್ಕ ಕೊಡಬೇಕಾದವರ ಅಂಜಿಕೆ ನನಗೆ ಅರ್ಥವಾಗದ ವಿಷಯವಲ್ಲ. ಆದರೂ ಅದು ವಾದ್ಯಕ್ಕೆ ಸಂಬಂಧಿಸಿದ ಅಂಜಿಕೆ; ಬ್ಯಾಂಡು ಇರುವುದು ಮಕ್ಕಳಿಗಾಗಿ.

ಇಡೀ ಟ್ರಂಪೆಟ್ಟನ್ನು ಕಳುಹಿಸಲಾಗದಿದ್ದರೆ ಅದರ ಊದುವ ತುದಿಯಾದ ಮೌತ್‌ಪೀಸನ್ನಾದರೂ ಕಳುಹಿಸಬಹುದು. ಅದು ಅಂಗೈಯಲ್ಲಿ ಅಡಗುವ ವಸ್ತು. ಅದೊಂದರಲ್ಲಿಯೇ ತುಟಿಯ ಕಂಪನವನ್ನು ಸಾಧಿಸಲು ಬರುತ್ತದೆ. ಮಗುವಿಗೊಂದು ಮೌತ್‌ಪೀಸ್ ಎಂದಾದರೆ ಒಬ್ಬರ ಎಂಜಲು ಇನ್ನೊಬ್ಬರಿಗೆ ತಗಲುವುದೂ ತಪ್ಪುತ್ತದೆ. ಡ್ರಂ ಬಾರಿಸುವವನಿಗೆ ಒಂದು ಜೊತೆ ಕೋಲು, ಮರದ ಹಲಗೆಗೆ ಅಂಟಿಸಿದ ಹಳೆಯ ಟೈರಿನ ರಬ್ಬರು ಸಾಕು. ನೆರೆಹೊರೆಯವರ ನಿದ್ರೆಗೂ ಭಂಗವಿಲ್ಲ. ಕ್ಲಾರಿನೆಟ್ಟಿನವನು ಪೆನ್ಸಿಲಿನ ಮೇಲೆ ಬೆರಳುಗಳನ್ನಿಟ್ಟು, ಸ್ವರಗಳನ್ನು ಬಾಯಲ್ಲಿ ಹೇಳುತ್ತ, ಎಡವಿದ ಆ ಎರಡು ಸ್ವರಗಳನ್ನು ಹತ್ತು ಸಲ ನಿಧಾನವಾಗಿ ದಾಟಿ ನೋಡಲಿ. ಬೀರುವಿನ ಬೀಗವನ್ನು ತೆಗೆಸುವ ಕೆಲಸವನ್ನು ಮಾತ್ರ ಮುಂದಿನ ಪೋಷಕರ ಸಭೆಯಲ್ಲಿ ದೊಡ್ಡವರೇ ಮಾಡಬೇಕಾಗಿದೆ.