ಚರಂಡಿಗೆ ಊರವರು, ಕಡತಕ್ಕೆ ಅಧಿಕಾರಿಗಳು

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮನೆಯಲ್ಲೋ ಹಿತ್ತಲಲ್ಲೋ ಸೊಳ್ಳೆಮರಿ ಸಿಕ್ಕರೆ ಪಟ್ಟಣದವರಿಗೆ 400 ರೂಪಾಯಿ ದಂಡ, ಹಳ್ಳಿಯವರಿಗೆ 200. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಊರಿನ ಜನ ಡ್ರಮ್ಮು, ಹಂಡೆ, ತೊಟ್ಟಿ ಎಲ್ಲದರಲ್ಲೂ ನೀರು ತುಂಬಿಡದೆ ಇನ್ನೇನು ಮಾಡಿಯಾರು? ನೀರು ಬಿಡದವರಿಗೆ ಎಷ್ಟು ದಂಡವೆಂದು ಆ ಅಧಿಸೂಚನೆ ಹೇಳಲಿಲ್ಲ. ಸಮುದಾಯ ಕೈಜೋಡಿಸದೆ ಡೆಂಗಿ ಹತೋಟಿಗೆ ಬಾರದು ಎಂಬುದು ಸರ್ಕಾರದ ಸಮರ್ಥನೆ. ಮಾತು ಸುಳ್ಳಲ್ಲ.

ಎರಡು ತಿಂಗಳು ಕಳೆಯಿತು. ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸಾಯತೊಡಗಿದರು. ಕೊನೆಗೆ ಸತ್ತವರು ಐವರು. ಅನುಮಾನ ಬಿದ್ದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಅದೇ ಕಂಪನಿಯ ಕೆಲವು ಬ್ಯಾಚುಗಳ ಗುಣಮಟ್ಟದ ಬಗ್ಗೆ ರಾಜ್ಯದ ಪರೀಕ್ಷೆಯಲ್ಲಿ ತಿಂಗಳುಗಳ ಹಿಂದೆಯೇ ತಕರಾರು ಬಂದಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವಕ್ಕೆ ‘ಸರಿಯಿದೆ’ ಎಂದು ಪ್ರಮಾಣಪತ್ರ ಕೊಟ್ಟಿತ್ತು. ಸಾವುಗಳಾದ ಮೇಲೆ ಔಷಧ ನಿಯಂತ್ರಕರು ಅಮಾನತಾದರು, ಕಂಪನಿ ಕಪ್ಪುಪಟ್ಟಿಗೆ ಸೇರಿತು, ರಾಜ್ಯ ಮತ್ತು ಕೇಂದ್ರದ ನಡುವೆ ಕೆಸರೆರಚಾಟ ನಡೆಯಿತು. ‘ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿ’ ಎಂದು ಮನೆಮನೆಗೆ ಹೋಗಿ ಒಪ್ಪಿಸಿ ಕಳಿಸುವವರಿಗೆ, ಅಲ್ಲಿ ಕೈಗೆ ಹಾಕುವ ಡ್ರಿಪ್ಪಿನ ಮೇಲೆ ತಕರಾರಿದೆ ಎಂದು ತಿಳಿಸುವ ದಾರಿ ಯಾವುದೂ ಇರಲಿಲ್ಲ.

ದುಡಿಯುವಾಗ ಸಮುದಾಯ ಬೇಕು, ದಂಡ ಕಟ್ಟಲೂ ಬೇಕು, ಆದರೆ ಕಡತ ಬಿಚ್ಚುವ ಹೊತ್ತಿಗೆ ಸಮುದಾಯ ಬೇಡವಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಲೆಕ್ಕ ಕೇಳುವ ಹಕ್ಕಿಲ್ಲದ ಭಾಗವಹಿಸುವಿಕೆಗೆ ನಮ್ಮ ಹಳ್ಳಿಗಳಲ್ಲಿ ಹಳೆಯ ಹೆಸರಿದೆ: ಬಿಟ್ಟಿ ಚಾಕರಿ.

ಜನರ ಪಾಲ್ಗೊಳ್ಳುವಿಕೆ ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. 1946ರಲ್ಲಿ ಭೋರ್ ಸಮಿತಿ ಹಳ್ಳಿಗೊಂದು ಆರೋಗ್ಯ ಸಮಿತಿ ಇರಲಿ ಎಂದಿತ್ತು. 1978ರಲ್ಲಿ ಆಲ್ಮಾ ಆಟಾದಲ್ಲಿ ಸೇರಿದ ದೇಶಗಳು, ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲೂ ನಡೆಸುವುದರಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕು ಮತ್ತು ಕರ್ತವ್ಯ ಎಂದು ಒಪ್ಪಿ ಸಹಿ ಹಾಕಿದವು. ಕರ್ತವ್ಯದ ಭಾಗವನ್ನು ಮಾತ್ರ ನಮ್ಮ ಸರ್ಕಾರಗಳು ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿವೆ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಕಾಗದದ ಮೇಲೆ ಎಲ್ಲವೂ ಇತ್ತು. ಊರಿಗೊಂದು ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ. ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತನಿಧಿ, ಅಂದರೆ ಯಾವುದಕ್ಕೆ ಖರ್ಚು ಮಾಡಬೇಕೆಂದು ಊರೇ ತೀರ್ಮಾನಿಸುವ ದುಡ್ಡು. ನಡೆದದ್ದೇ ಬೇರೆ. ಇಂಥದ್ದನ್ನು ಕೊಳ್ಳಿ ಎಂದು ಮೇಲಿನಿಂದ ಬಾಯಿಮಾತಿನ ಆದೇಶ ಬರುತ್ತದೆ. ಬ್ಲೀಚಿಂಗ್ ಪೌಡರ್, ಗೋಡೆಬರಹ, ಫ್ಲೆಕ್ಸು. ನಡಾವಳಿ ಪುಸ್ತಕ ಸಭೆಯಿಲ್ಲದೆಯೂ ತುಂಬುತ್ತದೆ. ಸಹಿಗೆ ಅದೇ ಮನೆಬಾಗಿಲಿಗೆ ಬರುತ್ತದೆ. ಇಪ್ಪತ್ತು ವರ್ಷದ ಹಿಂದೆ ಗೊತ್ತುಮಾಡಿದ ಹತ್ತು ಸಾವಿರಕ್ಕೆ ಇವತ್ತು ಎಷ್ಟು ಬ್ಲೀಚಿಂಗ್ ಪೌಡರ್ ಬಂದೀತು ಎಂಬ ಲೆಕ್ಕ ಬೇರೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯದು ಇನ್ನೂ ದೊಡ್ಡ ಕಥೆ. ಅಭಿಯಾನ ಗೊತ್ತುಪಡಿಸಿದ್ದು ಮುಕ್ತನಿಧಿ 25,000, ನಿರ್ವಹಣೆಗೆ 50,000, ಸಮಿತಿಗೆ 1 ಲಕ್ಷ, ಒಟ್ಟು ವರ್ಷಕ್ಕೆ 1.75 ಲಕ್ಷ. ರೋಗಿಗಳು ಕೂರಲು ಬೆಂಚು, ಹೆರಿಗೆ ಕೋಣೆಗೆ ಯುಪಿಎಸ್, ಸ್ಟಾಕ್ ಇಲ್ಲದ ತುರ್ತು ಔಷಧಿ, ಇಂಥವಕ್ಕೆಲ್ಲ ಈ ದುಡ್ಡು ಸಾಕಾಗುತ್ತದೆ. ಇದು ಎಲ್ಲಿ ಹೋಯಿತೆಂದು ಹೊರರೋಗಿಗಳ ಸಾಲಿನಲ್ಲಿ ನಿಂತವರನ್ನು ಕೇಳಿ ನೋಡಿ. ಇಂಥದ್ದೊಂದು ಸಮಿತಿ ಇದೆಯೆಂದೇ ಬಹುಪಾಲು ಜನ ಕೇಳಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅವರ ಬಿಡುವು ನೋಡಿ ಸಭೆ, ಅವರ ಬೆಂಬಲಿಗರೇ ನಾಮನಿರ್ದೇಶಿತ ಸದಸ್ಯರು.

ಇನ್ನು ಆಶಾ. ಸಾವಿರ ಜನಸಂಖ್ಯೆಗೊಬ್ಬಳು, ಊರೇ ಆರಿಸಿದ, ಊರಿನ ಪರವಾಗಿ ಆಸ್ಪತ್ರೆಯನ್ನು ಪ್ರಶ್ನಿಸಬಲ್ಲ ಹೆಣ್ಣುಮಗಳು ಎಂಬುದು ಮೂಲ ಕಲ್ಪನೆ. ಇವತ್ತು ಆಕೆ ಇಲಾಖೆಯ ಕಟ್ಟಕಡೆಯ ನೌಕರಳು. ಆದರೆ ನೌಕರಳೆಂದು ಒಪ್ಪಲು ಇಲಾಖೆ ತಯಾರಿಲ್ಲ. ಸಂಬಳದ ಮಾತು ಬಂದಾಗ ಆಕೆ ಸ್ವಯಂಸೇವಕಿ. ಸಮೀಕ್ಷೆ, ಲಾರ್ವಾ ಹುಡುಕಾಟ, ಆ್ಯಪಿಗೆ ಮಾಹಿತಿ ತುಂಬುವುದು ಬಂದಾಗ ಕಟ್ಟುನಿಟ್ಟಿನ ಸಿಬ್ಬಂದಿ. ಗ್ರಾಮ ಸಮಿತಿಯ ಕಾರ್ಯದರ್ಶಿತನವೂ ಆಕೆಯ ಹೆಗಲಿಗೇ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲುರಾತ್ರಿ ಕೂತರು. ಕೇಳಿದ್ದು ತಿಂಗಳಿಗೆ 15,000. ಏಪ್ರಿಲ್‌ನಿಂದ ಕನಿಷ್ಠ 10,000 ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟರು. ಅದು ಜಾರಿಯಾಗಲಿಲ್ಲವೆಂದು ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದರು. ಪ್ರೋತ್ಸಾಹಧನದ ಬಿಲ್ಲಿಗೆ ಆಸ್ಪತ್ರೆಯ ಸಹಿಯನ್ನೇ ಕಾಯುವವಳು ಅದೇ ಆಸ್ಪತ್ರೆಯ ತಪ್ಪನ್ನು ಗ್ರಾಮಸಭೆಯಲ್ಲಿ ಎತ್ತಿ ಹೇಳಬೇಕೆಂದು ನಾವು ಬಯಸುತ್ತೇವೆ!

‘ಹಳ್ಳಿಯವರಿಗೆ ವೈದ್ಯಶಾಸ್ತ್ರ ಏನು ಗೊತ್ತು?’ ಎಂದು ಕೇಳುವ ವೈದ್ಯಮಿತ್ರರಿದ್ದಾರೆ. ಡೋಸೇಜು ನಿರ್ಧರಿಸಲು ಯಾರೂ ಹೊರಟಿಲ್ಲ. ಡಾಕ್ಟರು ಬಂದರೋ ಇಲ್ಲವೋ, ಹೊರಗಿನ ಅಂಗಡಿಗೆ ಚೀಟಿ ಬರೆದರೋ, ಹೆರಿಗೆಗೆ ಯಾರು ದುಡ್ಡು ಕಿತ್ತರು, ರಾತ್ರಿ ಬಾಗಿಲು ತೆರೆದಿತ್ತೋ ಎನ್ನುವುದು ಎಂಬಿಬಿಎಸ್ ಓದದೆಯೂ ಗೊತ್ತಾಗುತ್ತದೆ. ಮಹಾರಾಷ್ಟ್ರದಲ್ಲಿ 2007ರಿಂದ ಊರವರೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ಅಂಕಪಟ್ಟಿ ಬರೆದು, ಬಹಿರಂಗ ಜನಸುನಾವಣೆಯಲ್ಲಿ ಅಧಿಕಾರಿಗಳ ಎದುರು ಓದಿದರು. ಆ ಪ್ರಯೋಗಕ್ಕೆ ಆರಿಸಿದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಮಹಾರಾಷ್ಟ್ರದವರು ಮುಂದುವರಿಸಿದರು, ಇಲ್ಲಿ ಅದು ಇಲಾಖೆಯ ರೂಢಿಯಾಗಿ ಬೇರೂರಲಿಲ್ಲ.

ರಾಜಕೀಯ ನುಗ್ಗುತ್ತದೆ ಎನ್ನುವ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಜಾತಿ, ಗುಂಪುಗಾರಿಕೆ, ಡಾಕ್ಟರನ್ನು ಬೆದರಿಸುವ ಪುಢಾರಿ, ಎಲ್ಲ ನಿಜ. ಆದರೆ ವರ್ಗಾವಣೆ ಪತ್ರಕ್ಕೆ ವಿಧಾನಸೌಧದ ಮೆಟ್ಟಿಲು ಹತ್ತುವ ವ್ಯವಸ್ಥೆಯಲ್ಲಿ ರಾಜಕೀಯ ಹೊರಗಿದೆ ಎಂದವರಾರು? ಒಳಕೋಣೆಯ ರಾಜಕೀಯಕ್ಕಿಂತ ಗ್ರಾಮಸಭೆಯ ಜಗಳ ವಾಸಿ, ಅದು ನಾಲ್ಕು ಜನರ ಕಣ್ಣೆದುರು ನಡೆಯುತ್ತದೆ. ಕೇರಳ 1996ರ ಜನತಾ ಯೋಜನೆಯ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳಿಗೆ ಒಪ್ಪಿಸಿತು. ಅಲ್ಲೂ ತಿಕ್ಕಾಟ ಬೇಕಾದಷ್ಟಿತ್ತು. ಇವತ್ತು ಅಲ್ಲಿನ ಎಷ್ಟೋ ಪಂಚಾಯಿತಿಗಳು ಸಂಜೆಯ ಹೊರರೋಗಿ ವಿಭಾಗಕ್ಕೆ ತಮ್ಮ ದುಡ್ಡಿನಿಂದ ಡಾಕ್ಟರನ್ನಿಟ್ಟುಕೊಂಡಿವೆ, ಹಾಸಿಗೆ ಹಿಡಿದವರ ಮನೆಗೆ ನರ್ಸನ್ನು ಕಳಿಸುತ್ತವೆ.

ನಾವು ಕೇರಳವನ್ನು ನೋಡಿ ಕಲಿಯಬೇಕಾದ ಸ್ಥಿತಿಗೆ ಬಂದದ್ದೇ ಸೋಜಿಗ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಯ್ದೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಹಳ್ಳಿಯ ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ಡಾಕ್ಟರು ಬರುವುದು ಸುಧಾರಿಸಿತೆಂದು ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಸಂವಿಧಾನದ 11ನೇ ಪರಿಚ್ಛೇದದಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೆಸರೇ ಇದೆ. ಅಂಥ ರಾಜ್ಯದಲ್ಲಿ 2016ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಚುನಾವಣೆಯನ್ನು ತಳ್ಳುತ್ತ ಬಂದರು. ಅದರಲ್ಲಿ ಬಿಜೆಪಿ, ಕಾಂಗ್ರೆಸ್ ಎಂಬ ಭೇದವಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕೂರಿಸಿಕೊಂಡು ಕೇಳಬೇಕಾದ ಸದಸ್ಯರೇ ಇಲ್ಲದಾಗ ಸಮುದಾಯದ ಸಹಭಾಗಿತ್ವದ ಬಗ್ಗೆ ಕಾರ್ಯಾಗಾರ ನಡೆಸಲು ಮುಖವಾದರೂ ಹೇಗೆ ಬರುತ್ತದೆ?

ಕೆಲವು ಕೆಲಸಕ್ಕೆ ಚುನಾವಣೆಯನ್ನೂ ಕಾಯಬೇಕಿಲ್ಲ. ತಾಯಂದಿರ ಸಾವಿನ ಬಗ್ಗೆ ಜಿಲ್ಲಾಧಿಕಾರಿ ನಡೆಸುವ ಪರಿಶೀಲನಾ ಸಭೆಗೆ ಮೃತಳ ಮನೆಯವರನ್ನು ಕರೆದು ಅವರ ಮಾತು ಕೇಳಬೇಕೆಂದು ಮಾರ್ಗಸೂಚಿಯಲ್ಲೇ ಇದೆ. ಆ ಸಭೆ ಕಂಡುಕೊಂಡದ್ದು, ಹೆಸರು ಮುಚ್ಚಿಟ್ಟು, ಗ್ರಾಮಸಭೆಗೂ ಬರಲಿ: ತಡವಾದದ್ದು ಮನೆಯಲ್ಲೋ, 108 ಬರುವುದರಲ್ಲೋ, ರಕ್ತ ಸಿಗುವುದರಲ್ಲೋ? ಗುಣಮಟ್ಟದ ಪರೀಕ್ಷೆಯಲ್ಲಿ ಬಿದ್ದ ಔಷಧಿಯ ಬ್ಯಾಚ್ ಸಂಖ್ಯೆ ಆಸ್ಪತ್ರೆಯ ಬಾಗಿಲಲ್ಲಿ ತೂಗಲಿ. ಸರ್ಕಾರ ಇಷ್ಟನ್ನೂ ಮಾಡದಿದ್ದರೆ, ಮುಂದಿನ ಗ್ರಾಮಸಭೆಗೆ ವೈದ್ಯಾಧಿಕಾರಿ ಬಂದ ದಿನ ಯಾರಾದರೊಬ್ಬರು ಎದ್ದು ನಿಂತು ಕೇಳಬಹುದು: ಸ್ವಾಮಿ, ರಕ್ಷಾ ಸಮಿತಿಯ ಖಾತೆಯಿಂದ ಕಳೆದ ವರ್ಷ ಯಾವ ಯಾವ ತಾರೀಖಿನಲ್ಲಿ ಎಷ್ಟೆಷ್ಟು ತೆಗೆದಿರಿ, ಯಾತಕ್ಕೆ? ಪಾಸ್‌ಬುಕ್ ತಂದಿದ್ದೀರಾ?