ಬಾಗಿಲಿಗೆ ಬಂದವರ ಮೇಲೆ ಕೈ ಮಾಡುವುದೇ?

2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾದಿಕ್ ಬಡಾವಣೆಯಲ್ಲಿ ಕೊರೋನಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. 19ರ ರಾತ್ರಿ ಪಾದರಾಯನಪುರದಲ್ಲಿ, ಕ್ವಾರಂಟೈನಿಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ಮುಂದೆ ಗುಂಪೊಂದು ದಾಂಧಲೆ ನಡೆಸಿತು. ಎನ್‌ಆರ್‌ಸಿಯ ಭೀತಿ ಆಗ ನಮ್ಮ ಮನೆಮನೆಯಲ್ಲಿತ್ತು, ನಿಜ. ಕೆಲವರ ತಪ್ಪಿಗೆ ಮಾಧ್ಯಮಗಳು ಇಡೀ ಸಮುದಾಯವನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದೂ ನಿಜ. ಆದರೆ ಆ ಭೀತಿಯನ್ನು ಬಿತ್ತಿದವರು ಆಶಾ ಕಾರ್ಯಕರ್ತೆಯರಲ್ಲ. ಮಟಕಿಯಂತಹ ಊರುಗಳಲ್ಲಿ ಗರ್ಭಿಣಿಯರನ್ನು ಹೆರಿಗೆಗೆ ಆಸ್ಪತ್ರೆ ಮುಟ್ಟಿಸುವವರು ಅವರೇ. ಅದೂ ಸಂಬಳಕ್ಕಲ್ಲ, ಅಲ್ಪ ಗೌರವಧನಕ್ಕೆ.

ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ಆದರೆ ಪೊಲೀಸರು ಓಣಿಗೆ ಬರುವುದು ಪೆಟ್ಟು ಬಿದ್ದ ಮೇಲೆ. ಅದಕ್ಕೂ ಮೊದಲು ತಲುಪಬಲ್ಲದ್ದು ಮಸೀದಿಯ ಮೈಕು. ಸಮೀಕ್ಷೆಗೆ ಯಾರು, ಏಕೆ ಬರುತ್ತಾರೆಂಬುದನ್ನು ಜುಮಾ ದಿನವೇ ಜಮಾಅತ್ ತಿಳಿಸಲಿ. ಸಮಿತಿಯ ಒಬ್ಬರು ಅವರೊಂದಿಗೆ ಮನೆಮನೆಗೆ ನಡೆಯಲಿ ಎಂದು ನಾವು ಆಗ್ರಹಿಸುತ್ತೇವೆ.